ಅರೆಬರೆ ಸ್ಪ್ಯಾನಿಷ್‌ನೊಡನೆ ಲಿಮಾ, ಕುಸ್ಕೊ, ಬ್ಯೂನಸ್ ಐರಿಸ್: ಹೊರಡುವ ಮುನ್ನದ ಸಿದ್ಧತೆ

ಈ ಸೆಪ್ಟೆಂಬರ್ ಕೊನೆಗೆ ನಾನೂ ನನ್ನ ಪತ್ನಿಯೂ ಮೊದಲ ಬಾರಿಗೆ ದಕ್ಷಿಣ ಅಮೆರಿಕಕ್ಕೆ ಹೊರಡಲಿದ್ದೇವೆ. ಇಬ್ಬರದೂ ಅರವತ್ತರ ಆಸುಪಾಸಿನ ವಯಸ್ಸು, ಇಬ್ಬರೂ ಸಸ್ಯಾಹಾರಿಗಳು. ನಮಗೆ ಬರುವ ಸ್ಪ್ಯಾನಿಷ್ ಎಂದರೆ ಮೊಬೈಲ್ ಆ್ಯಪ್‌ನಿಂದಲೂ ಒಬ್ಬ ಆನ್‌ಲೈನ್ ಶಿಕ್ಷಕರಿಂದಲೂ ಕಲಿತ ಕೆಲವು ನೂರು ಪದಗಳು ಮತ್ತು ವರ್ತಮಾನ ಕಾಲದ ಸಾಮಾನ್ಯ ಕ್ರಿಯಾಪದಗಳು ಮಾತ್ರ. ಪ್ರವಾಸ ಸಂಸ್ಥೆಯ ಗುಂಪಿನೊಡನೆ ಹೋದರೆ ಇಷ್ಟೂ ಬೇಕಾಗುವುದಿಲ್ಲವೆಂದು ಹಿತೈಷಿಗಳು ಹೇಳುತ್ತಲೇ ಇದ್ದಾರೆ. ಅವರ ಮಾತು ತಪ್ಪಲ್ಲ. ಆದರೆ ನಮಗೆ ಬೇಕಾಗಿರುವುದು ಬೀದಿಯಲ್ಲಿ ನಡೆದು, ಬಸ್ಸು ಹತ್ತಿ, ಮಾರುಕಟ್ಟೆಯಲ್ಲಿ ಹಣ್ಣು ಕೊಂಡು ನೋಡುವಂತಹ ನಗರಗಳು, ಅದು ಗುಂಪಿನ ಬಸ್ಸಿನ ಕಿಟಕಿಯಿಂದ ಸಿಗುವುದು ಕಷ್ಟ. ಹೀಗಾಗಿ ಯೋಜನೆಯನ್ನು ನಾವೇ ಮಾಡಿಕೊಂಡೆವು. ಅದರ ಹಿಂದಿನ ಲೆಕ್ಕಾಚಾರವನ್ನು, ಇಂತಹದೇ ಆಸೆಯಿದ್ದು ಭಾಷೆಗೆ ಹೆದರಿ ಕುಳಿತಿರುವ ಕನ್ನಡಿಗರಿಗೆ ನೆರವಾದೀತೆಂದು, ಇಲ್ಲಿ ಬರೆದಿಡುತ್ತಿದ್ದೇನೆ.

ಪ್ರವಾಸಿಗರಿಗಾಗಿ ಬಂದಿರುವ ಪದಸಂಗ್ರಹಗಳೆಲ್ಲ ಪ್ರಶ್ನೆ ಕೇಳುವುದನ್ನು ಕಲಿಸುತ್ತವೆ. ನಿಲ್ದಾಣ ಎಲ್ಲಿದೆ, ಇದಕ್ಕೆ ಎಷ್ಟು, ಬಸ್ಸು ಯಾವಾಗ ಹೊರಡುತ್ತದೆ ಎಂಬ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ದೊಡ್ಡ ಕೆಲಸವಲ್ಲ. ತೊಂದರೆ ಶುರುವಾಗುವುದು ಎದುರಿನವರು ಬಾಯಿ ತೆರೆದ ಮೇಲೆ. ಪ್ರಶ್ನೆಯನ್ನು ಶುದ್ಧವಾಗಿ ಕೇಳಿದಷ್ಟೂ, ಇವರಿಗೆ ಭಾಷೆ ಬರುತ್ತದೆ ಎಂದುಕೊಂಡು ಅವರು ಅಷ್ಟೇ ವೇಗವಾಗಿ, ಅಷ್ಟೇ ವಿವರವಾಗಿ ಉತ್ತರಿಸುತ್ತಾರೆ. ಆದ್ದರಿಂದ ನಮ್ಮ ಸಿದ್ಧತೆಯನ್ನೆಲ್ಲ ಉತ್ತರದ ಕಡೆಯಿಂದ ಆರಂಭಿಸಿದ್ದೇವೆ. ಒಂದು ಸಂಖ್ಯೆ, ಒಂದು ಹೌದು ಅಥವಾ ಅಲ್ಲ, ಬೆರಳು ಮಾಡಿ ತೋರಿಸುವುದು, ಇಲ್ಲವೇ ಬರೆದು ಕೊಡುವುದು, ಈ ನಾಲ್ಕರಲ್ಲಿ ಒಂದು ಬಗೆಯ ಉತ್ತರ ಬರುವಂತಹ ಪ್ರಶ್ನೆಗಳನ್ನು ಮಾತ್ರ ಕೇಳುವುದು, ಹಾಗೆ ಕೇಳಲಾಗದ ಸಂದರ್ಭಗಳನ್ನು ಊರಿನಿಂದ ಹೊರಡುವ ಮೊದಲೇ ಬರಹದಲ್ಲಿ ಮುಗಿಸಿಕೊಳ್ಳುವುದು ಎಂಬುದು ನಾವು ಹಾಕಿಕೊಂಡ ನಿಯಮ. ನಗರಗಳ ಆಯ್ಕೆಯಿಂದ ಹಿಡಿದು ಊಟದವರೆಗೆ ಎಲ್ಲವೂ ಈ ನಿಯಮದ ಮೇಲೆ ನಿಂತಿದೆ.

ಮೊದಲು ಕೈಬಿಟ್ಟದ್ದು ಬ್ರೆಜಿಲ್. ರಿಯೊ ಡಿ ಜನೈರೊ ನೋಡದೆ ಬರುವುದೆಂದರೆ ಸಂಕಟವೇ. ಆದರೆ ಅಲ್ಲಿನ ಭಾಷೆ ಪೋರ್ಚುಗೀಸ್. ಬರಹದಲ್ಲಿ ಅದು ಸ್ಪ್ಯಾನಿಷ್‌ಗೆ ಹತ್ತಿರವಾಗಿ ಕಂಡರೂ ಕಿವಿಗೆ ಬೇರೆಯೇ ಆಗಿ ಕೇಳಿಸುತ್ತದೆ. ಒಂದನ್ನೇ ಸರಿಯಾಗಿ ಕಲಿಯದವರು ಎರಡನ್ನು ತಲೆಯಲ್ಲಿ ತುಂಬಿಕೊಂಡರೆ ಎರಡೂ ಕಲಸುಮೇಲೋಗರವಾಗುವುದು ಖಚಿತ. ಚಿಲಿಯ ಸಾಂಟಿಯಾಗೊವನ್ನು ಬಿಟ್ಟದ್ದಕ್ಕೂ ಅರ್ಧ ಕಾರಣ ಭಾಷೆಯೇ: ಚಿಲಿಯವರು ಪದದ ಕೊನೆಯ ಸಕಾರವನ್ನು ನುಂಗಿ, ವೇಗವಾಗಿ ಮಾತನಾಡುತ್ತಾರೆಂಬುದು ಸ್ಪ್ಯಾನಿಷ್ ಬಲ್ಲ ಬೇರೆ ದೇಶದವರೂ ಹೇಳುವ ದೂರು. ಅಲ್ಲಿಗೆ ಹೋಗುವವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಚಿಲಿಯ ಕೃಷಿ ತಪಾಸಣೆ ಬಹಳ ಬಿಗಿಯಾದದ್ದು. ಚಟ್ನಿಪುಡಿ, ಉಪ್ಪಿನಕಾಯಿ, ಕಾಳು, ಜೇನು, ಒಣಹಣ್ಣು ಏನಿದ್ದರೂ ಪ್ರವೇಶದ ಘೋಷಣಾ ಪತ್ರದಲ್ಲಿ ಬರೆಯಬೇಕು. ಬರೆದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಬರೆಯದೆ ಸಿಕ್ಕಿಬಿದ್ದರೆ ದಂಡ ಕಟ್ಟಬೇಕಾಗುತ್ತದೆ.

ಉಳಿದದ್ದು ಪೆರು ದೇಶದ ಲಿಮಾ, ಕುಸ್ಕೊ ಮತ್ತು ಆರ್ಜೆಂಟೀನಾದ ಬ್ಯೂನಸ್ ಐರಿಸ್, ಅದೂ ಇದೇ ಕ್ರಮದಲ್ಲಿ. ಲಿಮಾದವರ ಉಚ್ಚಾರ ಸ್ಪಷ್ಟ, ಕಲಿಯುವವರ ಕಿವಿಗೆ ಅನುಕೂಲ. ಕುಸ್ಕೊ ಸೀಮೆಯಲ್ಲಿ ಅನೇಕರ ಮನೆಮಾತು ಅಲ್ಲಿನ ಮೂಲನಿವಾಸಿಗಳ ಭಾಷೆಯಾದ ಕೆಚುವಾ. ಸ್ಪ್ಯಾನಿಷ್ ಅವರಿಗೂ ಕಲಿತ ಭಾಷೆಯಾದ್ದರಿಂದ ಅಲ್ಲಿನ ಸಂಭಾಷಣೆ ನಿಧಾನವಾಗಿ ಸಾಗುತ್ತದೆಂದು ನಮ್ಮ ಶಿಕ್ಷಕರು ಹೇಳುತ್ತಾರೆ. ಬ್ಯೂನಸ್ ಐರಿಸ್‌ನ ಮಾತು ಮೂರರಲ್ಲಿ ಕಠಿಣ, ಅದು ಕೊನೆಗಿರಲಿ ಎಂದುಕೊಂಡೆವು. ಋತುವೂ ಇದಕ್ಕೆ ಹೊಂದುತ್ತದೆ: ಆಂಡಿಸ್ ಪರ್ವತಗಳಲ್ಲಿ ಮಳೆ ಜೋರಾಗುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಆ ಹೊತ್ತಿಗೆ ನಾವು ಮನೆಯಲ್ಲಿರುತ್ತೇವೆ, ಬ್ಯೂನಸ್ ಐರಿಸ್‌ನಲ್ಲಿ ಸೆಪ್ಟೆಂಬರ್ ಕೊನೆಯಿಂದ ವಸಂತ. ಲಿಮಾದಲ್ಲಿ ಮಾತ್ರ ಆಗ ಇನ್ನೂ ಬೂದು ಆಕಾಶ, ಸಮುದ್ರದಿಂದೇಳುವ ಸಣ್ಣ ತುಂತುರು ಮಂಜು. ಒಂದು ಊರಿನಿಂದ ಒಳಹೋಗಿ ಇನ್ನೊಂದು ಊರಿನಿಂದ ಹೊರಬರುವ ಟಿಕೆಟ್ ಕೊಂಡಿದ್ದೇವೆ. ಹೋಗುವಾಗ ಹ್ಯೂಸ್ಟನ್‌ನಲ್ಲಿರುವ ಮಗಳ ಮನೆಯಲ್ಲಿ ಕೆಲವು ದಿನವಿದ್ದು ಅಲ್ಲಿಂದ ನೇರ ಲಿಮಾಕ್ಕೆ ಹಾರುತ್ತೇವೆ; ಸೆಪ್ಟೆಂಬರ್‌ನಲ್ಲಿ ಆ ಎರಡೂ ಊರುಗಳ ಗಡಿಯಾರ ಒಂದೇ ಆಗಿರುವುದರಿಂದ ನಮ್ಮ ಊರಿನೊಡನಿರುವ ಹತ್ತೂವರೆ ಗಂಟೆಯ ವ್ಯತ್ಯಾಸದ ನಿದ್ದೆಗೇಡು ಮಗಳ ಮನೆಯಲ್ಲೇ ಕಳೆದಿರುತ್ತದೆ. ಬರುವಾಗ ಬ್ಯೂನಸ್ ಐರಿಸ್‌ನಿಂದ ಸಾವೊ ಪಾಲೊ, ದೋಹಾ ಮಾರ್ಗವಾಗಿ ಬೆಂಗಳೂರು.

ವೀಸಾ ವಿಚಾರವನ್ನು ಚುಟುಕಾಗಿ ಮುಗಿಸುತ್ತೇನೆ, ಏಕೆಂದರೆ ನಿಯಮಗಳು ಬದಲಾಗುತ್ತಿರುತ್ತವೆ. ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಷೆಂಗೆನ್ ವೀಸಾ ಇರುವ ಭಾರತೀಯರನ್ನು ಪೆರು ದೇಶವು ಪ್ರತ್ಯೇಕ ವೀಸಾ ಇಲ್ಲದೆ ಪ್ರವಾಸಿಗರಾಗಿ ಒಳಗೆ ಬಿಡುತ್ತದೆ. ಅಮೆರಿಕದ ವೀಸಾ ಇರುವ ಭಾರತೀಯರಿಗೆ ಆರ್ಜೆಂಟೀನಾ ಕೂಡ 2025ರ ಆಗಸ್ಟ್‌ನಲ್ಲಿ ಇಂತಹದೇ ರಿಯಾಯಿತಿ ಪ್ರಕಟಿಸಿತು. ಮಗಳಿಂದಾಗಿ ನಮ್ಮಿಬ್ಬರ ಬಳಿಯೂ ಅಮೆರಿಕದ ವೀಸಾ ಇದೆ. ಇಲ್ಲದವರು ರಾಯಭಾರ ಕಚೇರಿಯ ಮೂಲಕವೇ ಹೋಗಬೇಕು. ಇದ್ದವರು ಕೂಡ ಟಿಕೆಟ್‌ಗೆ ಹಣ ಕಟ್ಟುವ ವಾರದಲ್ಲಿ ಆಯಾ ರಾಯಭಾರ ಕಚೇರಿಯ ಪುಟವನ್ನು ಮತ್ತೊಮ್ಮೆ ಓದುವುದು ಕ್ಷೇಮ.

ಹಳದಿ ಜ್ವರದ ಲಸಿಕೆಯನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಲಿಮಾದಲ್ಲಾಗಲಿ ಬ್ಯೂನಸ್ ಐರಿಸ್‌ನಲ್ಲಾಗಲಿ ಆ ಜ್ವರದ ಭಯವಿಲ್ಲ ಎಂಬುದು ನಮ್ಮ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗೆ ಮುಖ್ಯವಲ್ಲ. ಪೆರು, ಆರ್ಜೆಂಟೀನಾ, ಬ್ರೆಜಿಲ್ ಮೂರೂ ದೇಶಗಳು ಹಳದಿ ಜ್ವರವಿರುವ ದೇಶಗಳೆಂದು ಭಾರತ ಸರ್ಕಾರ ಮಾಡಿರುವ ಪಟ್ಟಿಯಲ್ಲಿವೆ. ಅಲ್ಲಿಂದ ಬರುವವರ ಬಳಿ ಪ್ರಮಾಣಪತ್ರವಿಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಿಕೊಳ್ಳಬೇಕು, ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಪ್ರಮಾಣಪತ್ರಕ್ಕೆ ಬೆಲೆ, ಆಮೇಲೆ ಅದು ಜೀವನಪೂರ್ತಿ ಸಲ್ಲುತ್ತದೆ. ಅರವತ್ತು ದಾಟಿದವರೂ ಮೊಟ್ಟೆಯ ಅಲರ್ಜಿ ಇರುವವರೂ ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು.

ಕನ್ನಡಿಗರಿಗೆ ವಿಶೇಷವಾಗಿ ಕಾಡುವ ಇನ್ನೊಂದು ವಿಷಯ ಹೆಸರು. ಸ್ಪ್ಯಾನಿಷ್ ಮಾತನಾಡುವ ದೇಶಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬರಿಗೂ ತಂದೆಯ ಕಡೆಯದೊಂದು, ತಾಯಿಯ ಕಡೆಯದೊಂದು, ಹೀಗೆ ಎರಡು ಕುಲನಾಮಗಳಿರುತ್ತವೆ; ಅರ್ಜಿಗಳಲ್ಲಿ ‘ಅಪೆಯಿದೊಸ್’ ಎಂಬ ಅಂಕಣ ಅದಕ್ಕಾಗಿ. ಊರಿನದೊಂದು, ತಂದೆಯದೊಂದು ಇನಿಷಿಯಲ್ ಇಟ್ಟುಕೊಂಡು ಬದುಕಿರುವ ನಮ್ಮಂಥವರ ಪಾಸ್‌ಪೋರ್ಟ್‌ನಲ್ಲಿ ಕುಲನಾಮದ ಜಾಗ ಖಾಲಿ ಇರುವುದುಂಟು, ಇಲ್ಲವೇ ಅಲ್ಲಿ ಒಂದು ಹಳ್ಳಿಯ ಹೆಸರಿರುವುದುಂಟು. ಕುಸ್ಕೊ ಸೀಮೆಯ ಇಂಕಾ ಕಾಲದ ಊರಾದ ಮಾಚು ಪಿಚುವಿನ ಪ್ರವೇಶಪತ್ರ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆಗೆ ಅಂಟಿಕೊಂಡಿರುತ್ತದೆ, ದ್ವಾರದಲ್ಲಿ ಪಾಸ್‌ಪೋರ್ಟನ್ನು ತೆರೆದು ನೋಡುತ್ತಾರೆ. ವಿಮಾನದ ಟಿಕೆಟ್, ಮಾಚು ಪಿಚು, ಅಲ್ಲಿಗೆ ಹೋಗುವ ರೈಲು, ಹೋಟೆಲು ಇವೆಲ್ಲದರಲ್ಲೂ ಹೆಸರು ಒಂದೇ ರೀತಿ ಒಡೆದಿರಬೇಕು. ಇದನ್ನು ಕೌಂಟರಿನಲ್ಲಿ ನಿಂತು ಅರೆಬರೆ ಸ್ಪ್ಯಾನಿಷ್‌ನಲ್ಲಿ ವಿವರಿಸುವ ಪ್ರಸಂಗ ನನಗಂತೂ ಬೇಡ. ನನ್ನ ಪತ್ನಿಯ ಪಾಸ್‌ಪೋರ್ಟ್‌ನಲ್ಲಿ ಕುಲನಾಮ ಖಾಲಿ ಇದೆ; ವಿಮಾನ ಸಂಸ್ಥೆಯವರು ಎರಡೂ ಅಂಕಣದಲ್ಲಿ ಒಂದೇ ಹೆಸರು ಬರೆಯಲು ಹೇಳಿದರು, ಉಳಿದ ಕಡೆಯೂ ಅದನ್ನೇ ಅನುಸರಿಸಿ, ಆ ಕಾರಣವನ್ನು ಎರಡು ಸಾಲಿನ ಸ್ಪ್ಯಾನಿಷ್‌ನಲ್ಲಿ ಬರೆದು ಮುದ್ರಿಸಿಟ್ಟುಕೊಂಡಿದ್ದೇವೆ.

ಇನ್ನು ಕಲಿಕೆ. ಇಂಗ್ಲಿಷ್ ಮೂಲಕ ಸ್ಪ್ಯಾನಿಷ್ ಕಲಿಯುವ ಕನ್ನಡಿಗರು ಅನಗತ್ಯವಾಗಿ ಸುತ್ತು ದಾರಿ ಹಿಡಿಯುತ್ತಾರೆ ಎಂಬುದು ನನ್ನ ದೃಢ ಅಭಿಪ್ರಾಯ. ಅಲ್ಲಿನ ತಕಾರ, ದಕಾರಗಳು ನಮ್ಮ ತ, ದಗಳಂತೆಯೇ ಹಲ್ಲಿಗೆ ನಾಲಿಗೆ ತಾಗಿಸಿ ಹುಟ್ಟುವಂತಹವು. ಇಂಗ್ಲಿಷ್ ಅಕ್ಷರ ಕಂಡ ಕೂಡಲೇ ನಾವು ಟ, ಡ ಎಂದು ಓದಿಬಿಡುತ್ತೇವೆ. ಐದು ಸ್ವರಗಳೂ ನಮ್ಮ ಅ, ಎ, ಇ, ಒ, ಉಗಳ ಹಾಗೆ ಎಲ್ಲಿ ಬಂದರೂ ಒಂದೇ ಧ್ವನಿ. ಆದ್ದರಿಂದ ನಾನು ಕನ್ನಡ ಲಿಪಿಯಲ್ಲೇ ಬರೆದುಕೊಂಡು ಕಲಿಯುತ್ತಿದ್ದೇನೆ. ವ್ಯಾಕರಣದಲ್ಲಿಯೂ ಇಂಗ್ಲಿಷ್ ಬಲ್ಲವರಿಗೆ ತಲೆನೋವಾಗುವ ರಚನೆಗಳು ನಮಗೆ ಮನೆಯವೇ. ‘ಮೆ ಗುಸ್ತಾ ಎಲ್ ಕಫೆ’ ಎಂದರೆ ನನಗೆ ಕಾಫಿ ಇಷ್ಟ, ‘ಮೆ ದ್ವೆಲೆ ಲಾ ಕಬೆಸಾ’ ಎಂದರೆ ನನಗೆ ತಲೆ ನೋಯುತ್ತಿದೆ; ಎರಡರಲ್ಲೂ ‘ನನಗೆ’ ಎಂಬ ಚತುರ್ಥಿಯೇ ಮೊದಲು ಬರುತ್ತದೆ. ಕ್ರಿಯಾಪದದ ಕೊನೆಯೇ ಯಾರು ಎಂಬುದನ್ನು ಹೇಳುವುದರಿಂದ ನಾನು, ನೀವು ಎನ್ನುವ ಸರ್ವನಾಮಗಳನ್ನು ಅವರೂ ನಮ್ಮ ಹಾಗೆಯೇ ಬಿಟ್ಟು ಮಾತನಾಡುತ್ತಾರೆ.

ನೀನು, ನೀವು ಎಂಬ ಭೇದ ಇರುವ ಭಾಷೆಯಿಂದ ಹೋಗುವವರಿಗೆ ‘ತು’ ಮತ್ತು ‘ಉಸ್ತೆದ್’ ನಡುವಿನ ವ್ಯತ್ಯಾಸವನ್ನು ಯಾರೂ ವಿವರಿಸಬೇಕಾಗಿಲ್ಲ. ಗೊತ್ತಿಲ್ಲದವರನ್ನು ಮಾತನಾಡಿಸುವಾಗ ಎಲ್ಲ ಕಡೆ ಉಸ್ತೆದ್ ಎಂದೇ ಆರಂಭಿಸುವುದು ನಮ್ಮ ತೀರ್ಮಾನ. ಬ್ಯೂನಸ್ ಐರಿಸ್‌ನವರು ಬೇಗನೆ ‘ಬೊಸ್’ ಎಂಬ ಸಲುಗೆಯ ರೂಪಕ್ಕೆ ಇಳಿಯುತ್ತಾರಂತೆ, ಇಳಿಯಲಿ. ಸ್ಪೇನ್‌ನಲ್ಲಿ ಬಳಸುವ ಬಹುವಚನದ ‘ಬೊಸೊತ್ರೊಸ್’ ಅಮೆರಿಕ ಖಂಡದಲ್ಲಿ ಬಳಕೆಯಲ್ಲೇ ಇಲ್ಲ. ಅಲ್ಲಿಗೆ ಕ್ರಿಯಾಪದದ ಪ್ರತಿಯೊಂದು ಕೋಷ್ಟಕದಲ್ಲೂ ಒಂದು ಸಾಲು ಹೊಡೆದು ಹಾಕಬಹುದು. ಪ್ರಶ್ನೆಗೆ ಮೊದಲು ‘ಬ್ವೆನೊಸ್ ದಿಯಾಸ್’, ಅಂದರೆ ಶುಭೋದಯ, ಎನ್ನದೆ ಅಂಗಡಿಯೊಳಗೆ ಮಾತು ತೆಗೆಯುವುದು ಒರಟುತನವೆನಿಸುತ್ತದೆ. ಪೆರುವಿನ ಸಂತೆಗಳಲ್ಲಿ ಮಾರುವವರೂ ಕೊಳ್ಳುವವರೂ ಪರಸ್ಪರ ‘ಕಸೆರಿತಾ’, ‘ಕಸೆರೊ’ ಎಂದು ಕರೆದುಕೊಳ್ಳುತ್ತಾರೆ. ಅದು ವಾಡಿಕೆ ಗಿರಾಕಿಗಳ ನಡುವಿನ ಸಲುಗೆಯ ಸಂಬೋಧನೆ. ನನ್ನ ಪತ್ನಿಗೆ ಇದು ತುಂಬ ಹಿಡಿಸಿದೆ.

ನಮ್ಮ ಅಭ್ಯಾಸದ ಬಹುಪಾಲು ಸಮಯ ಹೋಗುತ್ತಿರುವುದು ಸಂಖ್ಯೆಗಳಿಗೆ, ಅದೂ ಹೇಳುವುದಕ್ಕಲ್ಲ, ಕೇಳಿಸಿಕೊಳ್ಳುವುದಕ್ಕೆ. ಬೆಲೆ, ಸಮಯ, ಪ್ಲಾಟ್‌ಫಾರಂ, ಕೋಣೆ, ಬಸ್ಸು ಎಲ್ಲವೂ ಸಂಖ್ಯೆಯೇ. ರಾತ್ರಿ ಏಳೂವರೆಗೆ ಇಲ್ಲಿ ಒಲೆಯ ಮೇಲೆ ಸಾರು ಕುದಿಯುವಾಗ ಬ್ಯೂನಸ್ ಐರಿಸ್‌ನಲ್ಲಿ ಬೆಳಗಿನ ಹನ್ನೊಂದು. ಇಂಟರ್‌ನೆಟ್ ಮೂಲಕ ಅಲ್ಲಿನ ಒಂದು ರೇಡಿಯೊ ಹಾಕಿಡುತ್ತೇವೆ. ಅಲ್ಲಿನ ನಿರೂಪಕರಿಗೆ ಮಾತಿನ ನಡುವೆ ಗಂಟೆ, ಉಷ್ಣಾಂಶ, ತೇವಾಂಶ ಹೇಳುವ ಅಭ್ಯಾಸವಿದೆ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದ ನನ್ನ ಪತ್ನಿ ತರಕಾರಿ ಹೆಚ್ಚುತ್ತಲೇ ಅವನ್ನು ಕನ್ನಡದಲ್ಲಿ ಹೇಳಿಬಿಡುತ್ತಾಳೆ, ನಾನು ಕಾಗದದ ಮೇಲೆ ಗೀಚುತ್ತಾ ಹಿಂದೆ ಬೀಳುತ್ತೇನೆ. ಅರವತ್ತಕ್ಕೆ ‘ಸೆಸೆಂತಾ’, ಎಪ್ಪತ್ತಕ್ಕೆ ‘ಸೆತೆಂತಾ’. ಒಂದೇ ಅಕ್ಷರದ ಅಂತರದಲ್ಲಿ ಹತ್ತರ ವ್ಯತ್ಯಾಸ. ಕೇಳಿದ್ದು ಖಚಿತವಾಗದಿದ್ದರೆ ಮೊಬೈಲ್‌ನ ಕ್ಯಾಲ್ಕ್ಯುಲೇಟರ್ ಮುಂದೆ ಹಿಡಿದು ಒತ್ತಿ ತೋರಿಸುವಂತೆ ಕೇಳುವುದೆಂದು ಮಾತಾಗಿದೆ.

ಬರೆದ ಸಂಖ್ಯೆಯಲ್ಲೂ ಒಂದು ಬಲೆಯಿದೆ. ಲಿಮಾದ ಬೆಲೆಪಟ್ಟಿಯಲ್ಲಿ 12.50 ಎಂದಿದ್ದರೆ ಅದು ನಮ್ಮಲ್ಲಿಯಂತೆ ಹನ್ನೆರಡೂವರೆ ಸೋಲ್; ಸೋಲ್ ಪೆರುವಿನ ನಾಣ್ಯ. ಬ್ಯೂನಸ್ ಐರಿಸ್‌ನಲ್ಲಿ 12.500 ಎಂದಿದ್ದರೆ ಅದು ಹನ್ನೆರಡು ಸಾವಿರದ ಐನೂರು ಪೆಸೊ. ಅಲ್ಲಿ ಚುಕ್ಕೆ ಸಾವಿರವನ್ನು ಬೇರ್ಪಡಿಸುತ್ತದೆ, ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ. ಸಂಖ್ಯೆಗೆ ಮೊದಲು ಡಾಲರಿನ ಚಿಹ್ನೆಯೂ ಇರುತ್ತದೆ, ಅದು ಪೆಸೊದ ಚಿಹ್ನೆಯೂ ಹೌದು. ಆಡುಮಾತಿನಲ್ಲಿ ‘ಲೂಕಾ’ ಎಂದರೆ ಬ್ಯೂನಸ್ ಐರಿಸ್‌ನಲ್ಲಿ ಸಾವಿರ ಪೆಸೊ, ಲಿಮಾದಲ್ಲಿ ಒಂದು ಸೋಲ್. ಆರ್ಜೆಂಟೀನಾದ ಹಣದುಬ್ಬರದಿಂದಾಗಿ ಹಿಂದಿನ ವರ್ಷಗಳಲ್ಲಿ ಹೋಗಿಬಂದವರು ಬರೆದಿಟ್ಟ ಪೆಸೊ ಲೆಕ್ಕಗಳಿಗೆ ಈಗ ಅರ್ಥವಿಲ್ಲ, ಡಾಲರಿನಲ್ಲಿ ಬರೆದಿರುವುದನ್ನು ಮಾತ್ರ ನೋಡಬೇಕು. ಕೈಯಲ್ಲಿ ಒಯ್ಯುವ ಡಾಲರ್ ನೋಟುಗಳು ಗರಿಗರಿಯಾಗಿ, ಹರಿದಿರದೆ, ಮೇಲೆ ಮುದ್ರೆಯಾಗಲಿ ಪೆನ್ನಿನ ಗೀಟಾಗಲಿ ಇಲ್ಲದೆ ಇರಬೇಕು. ಸ್ವಲ್ಪ ಹರಿದ ನೋಟನ್ನೂ ಪೆರುವಿನಲ್ಲಿ ತೆಗೆದುಕೊಳ್ಳಲು ಒಪ್ಪುವುದಿಲ್ಲ.

ಸಸ್ಯಾಹಾರಿಗಳಿಗೆ ಭಾಷೆಯ ನಿಜವಾದ ಪರೀಕ್ಷೆ ಊಟದ ಮೇಜಿನ ಮೇಲೆ. ‘ಸಿನ್ ಕಾರ್ನೆ’, ಅಂದರೆ ಮಾಂಸವಿಲ್ಲದೆ, ಎಂದಷ್ಟೇ ಹೇಳಿದರೆ ಕೋಳಿಯ ತುಂಡೋ ಹಂದಿಮಾಂಸದ ತೆಳು ಹಾಳೆಯೋ ತಟ್ಟೆಯಲ್ಲಿ ಬಂದು ಕೂರಬಹುದು, ಏಕೆಂದರೆ ಬಹಳಷ್ಟು ಜನರ ಮನಸ್ಸಿನಲ್ಲಿ ಕಾರ್ನೆ ಎಂದರೆ ದನದ ಮಾಂಸ. ಆದ್ದರಿಂದ ನಮ್ಮ ಚೀಟಿಯಲ್ಲಿ ಮಾಂಸ, ಕೋಳಿ, ಮೀನು, ಸಿಗಡಿ ಮೊದಲಾದವು, ಹಂದಿಮಾಂಸ, ಮಾಂಸದ ಸಾರು, ಪ್ರಾಣಿಯ ಕೊಬ್ಬು ಎಲ್ಲವನ್ನೂ ಒಂದೊಂದಾಗಿ ಹೆಸರಿಸಿ, ಹಾಲು, ಬೆಣ್ಣೆ, ಚೀಸ್ ಆಗುತ್ತದೆ ಎಂದು ಸೇರಿಸಿದ್ದೇವೆ. ಚೀಟಿಯ ಕೊನೆಯ ಸಾಲು ನಮ್ಮ ನಿಯಮಕ್ಕೆ ತಕ್ಕದ್ದು: ಇವು ಯಾವುವೂ ಇಲ್ಲದ ತಿನಿಸನ್ನು ದಯವಿಟ್ಟು ಪಟ್ಟಿಯಲ್ಲಿ ಬೆರಳಿಟ್ಟು ತೋರಿಸಿ. ಹೀಗೆ ಬರೆದರೆ ಪರಿಚಾರಕರು ಅಡುಗೆಯ ವಿಧಾನ ವಿವರಿಸುವ ಗೋಜಿಗೆ ಹೋಗುವುದಿಲ್ಲ.

ಕೊಬ್ಬಿನ ವಿಷಯದಲ್ಲಿ ಎರಡು ದೇಶಗಳ ನಡುವೆ ಎಚ್ಚರ ಬೇಕು. ಪೆರುವಿನಲ್ಲಿ ಬೆಣ್ಣೆಗೆ ‘ಮಾಂತೆಕಿಯಾ’ ಎನ್ನುತ್ತಾರೆ, ‘ಮಾಂತೆಕಾ’ ಎಂದರೆ ಹಂದಿಯ ಕೊಬ್ಬು. ಆರ್ಜೆಂಟೀನಾದಲ್ಲಿ ಅದೇ ಮಾಂತೆಕಾ ಬೆಣ್ಣೆಯಾಗುತ್ತದೆ, ಪ್ರಾಣಿಯ ಕೊಬ್ಬಿಗೆ ‘ಗ್ರಾಸಾ’ ಎಂಬ ಹೆಸರು. ಬ್ಯೂನಸ್ ಐರಿಸ್‌ನ ಬೆಳಗಿನ ಕಾಫಿಯ ಜೊತೆಗಿನ ಅರ್ಧಚಂದ್ರಾಕಾರದ ‘ಮೆದಿಯಾಲೂನಾ’ದಲ್ಲಿ ಎರಡು ಬಗೆ ಇವೆ, ಬೆಣ್ಣೆಯದು ದಪ್ಪಗೆ ಮೆತ್ತಗಿದ್ದು ಸಿಹಿಯಾಗಿರುತ್ತದೆ, ಕೊಬ್ಬಿನದು ತೆಳ್ಳಗೆ ಗರಿಯಾಗಿರುತ್ತದೆ. ಹೀಗಾಗಿ ಒಂದೇ ಚೀಟಿ ಎರಡೂ ದೇಶಗಳಿಗೆ ನಡೆಯದು, ಎರಡು ಬೇರೆ ಚೀಟಿಗಳನ್ನೇ ಬರೆದಿದ್ದೇವೆ. ಅವರೆ, ಹುರುಳಿ ಜಾತಿಯ ಕಾಳಿಗೆ ಪೆರುವಿನಲ್ಲಿ ‘ಫ್ರೆಹೋಲೆಸ್’, ಆರ್ಜೆಂಟೀನಾದಲ್ಲಿ ‘ಪೊರೊತೊಸ್’. ಕೋಳಿಗೆ ಲಿಮಾದಲ್ಲಿ ‘ಪೊಯೊ’ ಎನ್ನುವುದನ್ನು ಬ್ಯೂನಸ್ ಐರಿಸ್‌ನಲ್ಲಿ ‘ಪೊಶೊ’ ಎನ್ನುತ್ತಾರೆ; ಆ ಊರಿನಲ್ಲಿ ಯಕಾರ ಬರಬೇಕಾದಲ್ಲೆಲ್ಲ ಶಕಾರ ಕೇಳಿಸುತ್ತದೆ, ಬೀದಿಗೆ ‘ಕಾಯೆ’ ಎನ್ನುವ ಬದಲು ‘ಕಾಶೆ’.

ತಿನ್ನುವುದಕ್ಕೇನೂ ಬರವಿಲ್ಲ. ಪೆರುವಿನಲ್ಲಿ ಬೇಯಿಸಿದ ಆಲೂಗೆಡ್ಡೆಯ ಮೇಲೆ ಹಳದಿ ಮೆಣಸಿನಕಾಯಿ ಮತ್ತು ಚೀಸ್ ಅರೆದ ಗೊಜ್ಜು ಸುರಿದ ‘ಪಾಪಾ ಆ ಲಾ ವಾಂಕಾಯಿನಾ’ ಇದೆ. ಮೇಲಿಡುವ ಮೊಟ್ಟೆ ಬೇಡವೆಂದರೆ ಆಯಿತು. ದೊಡ್ಡ ಕಾಳಿನ ಬೇಯಿಸಿದ ಜೋಳವನ್ನು ಚೀಸ್ ತುಂಡಿನೊಡನೆ ಬೀದಿಯಲ್ಲಿ ಮಾರುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೋಗಿ ನೆಲೆಸಿದ ಚೀನೀಯರಿಂದ ಬೆಳೆದ ‘ಚಿಫಾ’ ಹೋಟೆಲುಗಳು ಲಿಮಾದ ಎಲ್ಲ ಕಡೆ ಇವೆ, ತರಕಾರಿಯ ಹುರಿದನ್ನ ಅಲ್ಲಿ ಕೇಳಿದರೆ ಸಿಗುತ್ತದೆ. ಬ್ಯೂನಸ್ ಐರಿಸ್‌ಗೆ ಇಟಲಿಯಿಂದ ವಲಸೆ ಬಂದವರು ತಂದ ಪಿಜ್ಜಾ, ಈರುಳ್ಳಿ ಮತ್ತು ಚೀಸಿನ ‘ಫುಗಸೇತಾ’, ಕಡಲೆಹಿಟ್ಟಿನ ‘ಫೈನಾ’ ಇವೆ. ಕಡುಬಿನಾಕಾರದ ‘ಎಂಪನಾದಾ’ಗಳಲ್ಲಿ ಜೋಳದ್ದು, ಪಾಲಕಿನದು, ಚೀಸ್ ಈರುಳ್ಳಿಯದು ನಮಗಾಗುವಂತಹವು. ಒಳಗೇನಿದೆ ಎಂದು ಹೊರಗಿನಿಂದಲೇ ತಿಳಿಯಲೆಂದು ಅಂಚನ್ನು ಒಂದೊಂದು ಹೂರಣಕ್ಕೆ ಒಂದೊಂದು ರೀತಿ ಮಡಿಸುತ್ತಾರೆ. ಯಾವ ಮಡಿಕೆ ಯಾವುದಕ್ಕೆಂಬ ಚಿತ್ರವಿರುವ ಹಾಳೆಯನ್ನು ಕೆಲವು ಅಂಗಡಿಗಳವರು ಪೊಟ್ಟಣದೊಡನೆ ಕೊಡುತ್ತಾರೆ. ಮಾತು ಬಾರದವರಿಗೆ ಇದಕ್ಕಿಂತ ಅನುಕೂಲ ಇನ್ನೇನಿದೆ? ಸಮಯಕ್ಕೆ ಮಾತ್ರ ಹೊಂದಿಕೊಳ್ಳಬೇಕು. ಬ್ಯೂನಸ್ ಐರಿಸ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಮೊದಲು ಊಟಕ್ಕೆ ಕೂರುವವರು ಕಡಿಮೆ.

ಸಂಚಾರದಲ್ಲಿಯೂ ಸುಲಭದ್ದು, ಕಷ್ಟದ್ದು ಎಂದಿದೆ. ಲಿಮಾದ ಸಣ್ಣ ಬಸ್ಸುಗಳಲ್ಲಿ ಬಾಗಿಲಿಗೆ ನೇತಾಡುತ್ತಾ, ನಮ್ಮ ಖಾಸಗಿ ಬಸ್ಸಿನ ಕ್ಲೀನರ್ ಹುಡುಗರ ಹಾಗೆಯೇ, ಬೀದಿಗಳ ಹೆಸರನ್ನು ಒಂದೇ ಉಸಿರಿನಲ್ಲಿ ಕೂಗುವವರಿದ್ದಾರೆ; ಅದನ್ನು ಅರ್ಥಮಾಡಿಕೊಂಡು ಹತ್ತುವ ಸಾಹಸ ಮೊದಲ ಪ್ರವಾಸದಲ್ಲಿ ಬೇಡವೆನಿಸಿತು. ಅದರ ಬದಲು 2010ರಲ್ಲಿ ಆರಂಭವಾದ ‘ಮೆತ್ರೊಪೊಲಿತಾನೊ’ ಎಂಬ ಪ್ರತ್ಯೇಕ ಪಥದ ಬಸ್ಸು ಇದೆ. ಕಾರ್ಡ್ ತಾಗಿಸಿ ಒಳಹೋಗುವುದು, ನಿಲ್ದಾಣದ ಹೆಸರನ್ನು ಫಲಕದಲ್ಲಿ ಓದುವುದು. ನಾವು ತಂಗುವ ಮಿರಾಫ್ಲೋರೆಸ್ ಕಡೆಯಿಂದ ಹಳೆಯ ಪೇಟೆಗೆ ಹೋಗಲು ಅದು ಸಾಕು. ಅಲ್ಲಿನ ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ, ಹತ್ತುವ ಮೊದಲೇ ಮಾತಾಡಿ ದರ ಗೊತ್ತುಮಾಡಿಕೊಳ್ಳಬೇಕು. ಅಂತಹ ಚೌಕಾಸಿಯನ್ನು ತಪ್ಪಿಸಲು ಆ್ಯಪ್ ಮೂಲಕ ಕರೆಯುವುದು ಲೇಸು. ವಿಮಾನ ನಿಲ್ದಾಣದಿಂದ ಮೊದಲ ಸಲ ಬರುವುದಕ್ಕೆ ಹೋಟೆಲಿನವರೇ ಹೆಸರಿನ ಫಲಕ ಹಿಡಿದು ಕಾರು ಕಳಿಸುತ್ತಾರೆ. ಹಣ ತುಸು ಹೆಚ್ಚಾದರೂ ಆ ಹೊತ್ತಿನಲ್ಲಿ ಅದು ದುಂದಲ್ಲ.

ಬ್ಯೂನಸ್ ಐರಿಸ್‌ನಲ್ಲಿ ಸುರಂಗ ರೈಲು ಓಡಲು ಶುರುವಾದದ್ದು 1913ರಲ್ಲಿ, ಲ್ಯಾಟಿನ್ ಅಮೆರಿಕದಲ್ಲೇ ಮೊದಲು. ಅಲ್ಲಿನ ಬಸ್ಸಿಗೆ ‘ಕೊಲೆಕ್ತಿವೊ’ ಎನ್ನುತ್ತಾರೆ. ಹತ್ತುವಾಗ ಎಲ್ಲಿಯವರೆಗೆ ಎಂದು ಚಾಲಕರಿಗೆ ಹೇಳಬೇಕು, ಅವರು ದೂರಕ್ಕೆ ತಕ್ಕ ದರವನ್ನು ಯಂತ್ರದಲ್ಲಿ ಒತ್ತುತ್ತಾರೆ, ಆಮೇಲೆ ನಾವು ‘ಸೂಬೆ’ ಕಾರ್ಡ್ ತಾಗಿಸಬೇಕು. ಮೊದಲು ಕೇಳಿದಾಗ ಗಾಬರಿಯಾಯಿತು. ಯೋಚಿಸಿದರೆ ನಮಗೆ ಇದಕ್ಕಿಂತ ಸರಿಯಾದ ಏರ್ಪಾಡಿಲ್ಲ. ‘ಆಸ್ತಾ ಪ್ಲಾಸಾ ಇತಾಲಿಯಾ’, ಪ್ಲಾಸಾ ಇತಾಲಿಯಾವರೆಗೆ, ಎಂದು ನಾವು ಹೇಳಿದರೆ ಆಯಿತು. ಅತ್ತಲಿಂದ ಬರುವ ಉತ್ತರ ಯಂತ್ರದ ಮೇಲೆ ಮೂಡುವ ಒಂದು ಸಂಖ್ಯೆ.

ಕುಸ್ಕೊದಲ್ಲಿ ಭಾಷೆಗಿಂತ ಎತ್ತರದ್ದೇ ಚಿಂತೆ. ಅದು ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಮೇಲಿದೆ, ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್ ಮಾತ್ರ. ಲೇಹ್‌ಗೆ ವಿಮಾನದಲ್ಲಿ ಹೋಗಿ ಇಳಿದವರಿಗೆ ಆ ಅನುಭವದ ಪರಿಚಯವಿರುತ್ತದೆ. ಸಮುದ್ರದಂಚಿನ ಲಿಮಾದಿಂದ ಒಂದೂಕಾಲು, ಒಂದೂವರೆ ಗಂಟೆಯಲ್ಲಿ ಅಷ್ಟು ಎತ್ತರಕ್ಕೆ ಏರುವುದರಿಂದ, ಕುಸ್ಕೊದಲ್ಲಿ ಇಳಿದ ದಿನವೇ ಸುಮಾರು 2,800 ಮೀಟರಿನಲ್ಲಿರುವ ಒಯಾಂತಾಯ್ತಾಂಬೊ ಊರಿಗೆ ಇಳಿದು ಹೋಗಿ, ಅಲ್ಲಿಂದ ರೈಲಿನಲ್ಲಿ ಮಾಚು ಪಿಚು ನೋಡಿಕೊಂಡು, ಕುಸ್ಕೊ ನಗರವನ್ನು ಕೊನೆಗೆ ನೋಡುವಂತೆ ಕ್ರಮ ಹಾಕಿದ್ದೇವೆ. ಮಾಚು ಪಿಚು 2,430 ಮೀಟರ್ ಎತ್ತರದಲ್ಲಿ, ಕುಸ್ಕೊಗಿಂತ ಬಹಳ ಕೆಳಗಿದೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಎತ್ತರದ ಕಾಯಿಲೆಗೆ ಅಲ್ಲಿ ‘ಸೊರೊಚೆ’ ಎನ್ನುತ್ತಾರೆ; ಔಷಧಿ ಅಂಗಡಿಯಲ್ಲಿ ಆ ಒಂದು ಪದ ಹೇಳಿದರೆ ಸಾಕು. ನಮ್ಮ ರಕ್ತದೊತ್ತಡದ ಮಾತ್ರೆಗಳ ರಾಸಾಯನಿಕ ಹೆಸರು ಮತ್ತು ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಂಡಿದ್ದೇವೆ, ಏಕೆಂದರೆ ಕಂಪನಿಯ ಹೆಸರುಗಳು ಅಲ್ಲಿ ಬೇರೆ. ಹೋಟೆಲುಗಳಲ್ಲಿ ಕೊಡುವ ಕೋಕಾ ಎಲೆಯ ಕಷಾಯವನ್ನು ಕುಡಿಯಬಹುದು, ಎಲೆಯನ್ನು ಮಾತ್ರ ಊರಿಗೆ ತರುವಂತಿಲ್ಲ. ನಮ್ಮ ದೇಶದಲ್ಲಿ ಅದು ಮಾದಕ ವಸ್ತುಗಳ ಕಾಯ್ದೆಯಡಿ ಅಪರಾಧ.

ಫೋನಿನಲ್ಲಿ ಸ್ಪ್ಯಾನಿಷ್ ಮಾತನಾಡುವುದಿಲ್ಲವೆಂದು ಶಪಥ ಮಾಡಿದ್ದೇವೆ. ಮುಖ ಕಾಣದೆ, ಕೈಸನ್ನೆ ಇಲ್ಲದೆ, ಅರ್ಧ ಭಾಷೆ ಕಾಲು ಭಾಷೆಯಾಗುತ್ತದೆ. ಅದೃಷ್ಟಕ್ಕೆ ಅಲ್ಲಿ ಹೋಟೆಲು, ಅಂಗಡಿ, ಪ್ರವಾಸದ ಏಜೆಂಟರು ಎಲ್ಲರೂ ವಾಟ್ಸ್‌ಆ್ಯಪ್‌ನಲ್ಲಿದ್ದಾರೆ, ಬರೆದ ಸಂದೇಶವನ್ನು ಅನುವಾದಿಸಿಕೊಂಡು ನಿಧಾನವಾಗಿ ಉತ್ತರಿಸಬಹುದು. ಟ್ಯಾಕ್ಸಿ ಚಾಲಕರು ಕರೆ ಮಾಡಿದರೆ ಕಳಿಸಲು ‘ಪೊರ್ ಫಾವೊರ್ ಎಸ್ಕ್ರಿಬಮೆ’, ದಯವಿಟ್ಟು ಬರೆದು ತಿಳಿಸಿ, ಎಂಬ ಸಂದೇಶ ಸಿದ್ಧವಾಗಿದೆ. ಅನುವಾದದ ಆ್ಯಪ್‌ನಲ್ಲಿ ಸ್ಪ್ಯಾನಿಷ್ ಭಾಗವನ್ನು ಇಂಟರ್‌ನೆಟ್ ಇಲ್ಲದೆಯೂ ನಡೆಯುವಂತೆ ಇಳಿಸಿಕೊಂಡಿದ್ದೇವೆ. ಕನ್ನಡದಿಂದ ನೇರವಾಗಿ ಅನುವಾದಿಸಿದಾಗ, ನಾವು ಕರ್ತೃಪದ ಬಿಟ್ಟು ಬರೆಯುವುದರಿಂದ, ‘ನಾನು’ ಇರಬೇಕಾದಲ್ಲಿ ‘ಅವನು’ ಬಂದು ಕೂತದ್ದನ್ನು ನೋಡಿದ್ದೇನೆ. ಕರ್ತೃ, ಕರ್ಮ, ಕ್ರಿಯೆ ಎಲ್ಲವೂ ಇರುವ ಚಿಕ್ಕ ವಾಕ್ಯ ಬರೆದರೆ ಫಲಿತಾಂಶ ಮೇಲು. ಆ ಮೊಬೈಲನ್ನು ಬೀದಿಯಲ್ಲಿ ಕೈಯಲ್ಲಿ ಹಿಡಿದು ನಿಲ್ಲಬಾರದು, ಅಂಗಡಿಯೊಳಗೆ ಹೋಗಿ ನೋಡಬೇಕು. ಬ್ಯೂನಸ್ ಐರಿಸ್‌ನಲ್ಲಿ ಅಂಗಿಯ ಮೇಲೆ ಸಾಸಿವೆ ಗೊಜ್ಜಿನಂತಹದೇನನ್ನೋ ಚೆಲ್ಲಿ, ಒರೆಸುವ ನೆಪದಲ್ಲಿ ಚೀಲ ಎತ್ತುವವರಿದ್ದಾರೆಂದು ಎಲ್ಲ ಕೈಪಿಡಿಗಳೂ ಎಚ್ಚರಿಸುತ್ತವೆ. ಅಂತಹ ಸಮಯದಲ್ಲಿ ಮಾತು ಬಾರದಿರುವುದೇ ಅನುಕೂಲ. ಉತ್ತರ ಕೊಡದೆ ನಡೆದುಬಿಡಬೇಕು.

ಬ್ಯೂನಸ್ ಐರಿಸ್‌ನಿಂದ ದೋಣಿಯಲ್ಲಿ ನದಿ ದಾಟಿ ಉರುಗ್ವೆಯ ಕೊಲೊನಿಯಾ ಊರನ್ನು ನೋಡಿ ಸಂಜೆಗೆ ಮರಳಬಹುದಾಗಿತ್ತು. ಇನ್ನೊಂದು ದೇಶದ ಪ್ರವೇಶ, ಆರ್ಜೆಂಟೀನಾಕ್ಕೆ ಮರುಪ್ರವೇಶ ಎಂಬ ಎರಡು ತಾಪತ್ರಯ ಸೇರುವುದರಿಂದ ಅದನ್ನು ಬಿಟ್ಟೆವು. ಆ ದಿನವನ್ನು ಬ್ಯೂನಸ್ ಐರಿಸ್‌ನ ಹೊರವಲಯದ ಸಾನ್ ಇಸಿದ್ರೊಗೆ ಇಟ್ಟಿದ್ದೇವೆ. ಪೆರುವಿನ ಸ್ವಾತಂತ್ರ್ಯಕ್ಕಾಗಿ ನಡೆದ ಆಯಕೂಚೊ ಯುದ್ಧದ ಶತಮಾನೋತ್ಸವಕ್ಕೆಂದು 1924ರಲ್ಲಿ ಹೊರಟಿದ್ದ ರವೀಂದ್ರನಾಥ ಠಾಕೂರರು ಹಡಗಿನಲ್ಲೇ ಜ್ವರ ಬಂದು ಬ್ಯೂನಸ್ ಐರಿಸ್‌ನಲ್ಲಿ ಇಳಿದು, ಲೇಖಕಿ ವಿಕ್ತೋರಿಯಾ ಒಕಾಂಪೊ ಅವರ ಆತಿಥ್ಯದಲ್ಲಿ ಸಾನ್ ಇಸಿದ್ರೊದ ನದಿ ಕಾಣುವ ಒಂದು ಮನೆಯಲ್ಲಿ ಸುಮಾರು ಎರಡು ತಿಂಗಳು ಉಳಿದರು. ಪೆರುವಿಗೆ ಹೋಗಲಾಗಲೇ ಇಲ್ಲ. ಒಕಾಂಪೊ ಅವರ ಸ್ವಂತ ಮನೆ ಸಮೀಪದಲ್ಲೇ ಇದೆ, ಅವರು ಅದನ್ನು ಯುನೆಸ್ಕೊಗೆ ದಾನವಾಗಿ ಕೊಟ್ಟರು. ರೆತಿರೊ ನಿಲ್ದಾಣದಿಂದ ಸ್ಥಳೀಯ ರೈಲು ಅತ್ತ ಹೋಗುತ್ತದೆ, ಅದಕ್ಕೂ ಅದೇ ಸೂಬೆ ಕಾರ್ಡ್ ನಡೆಯುತ್ತದೆ. ಒಕಾಂಪೊ ಅವರ ಮನೆ ವಾರದ ಎಲ್ಲ ದಿನ ತೆರೆದಿರುವುದಿಲ್ಲವಾದ್ದರಿಂದ ಭೇಟಿಯ ದಿನ ಮತ್ತು ಸಮಯ ಕೇಳಿ ಮೂರು ಸಾಲಿನ ಸ್ಪ್ಯಾನಿಷ್ ಪತ್ರ ಬರೆದಿದ್ದೇನೆ. ಶಿಕ್ಷಕರು ತಿದ್ದಿಕೊಟ್ಟ ಕೂಡಲೇ ಕಳಿಸಬೇಕು.